‘ಸೆಡ್ ಟು’ ಹೋಗಿ ‘ಟೋಲ್ಡ್’ ಬಂತು

ನಮ್ಮ ಹೈಸ್ಕೂಲು ಹುಡುಗರ ಕೈಯಲ್ಲಿರುವ ಇಂಗ್ಲಿಷ್ ಗೈಡುಗಳಲ್ಲಿ ಒಂದು ಕೋಷ್ಟಕವುಂಟು. ಎಡಗಡೆಯ ಸಾಲಿನಲ್ಲಿ ‘ನೌ’, ಬಲಗಡೆಯಲ್ಲಿ ‘ದೆನ್’. ಎಡಗಡೆ ‘ಹಿಯರ್’, ಬಲಗಡೆ ‘ದೇರ್’. ‘ಟುಡೇ’ ಇದ್ದಲ್ಲಿ ‘ದಟ್ ಡೇ’, ‘ಟುಮಾರೊ’ ಇದ್ದಲ್ಲಿ ‘ದ ನೆಕ್ಸ್ಟ್ ಡೇ’, ‘ವಿಲ್’ ಇದ್ದಲ್ಲಿ ‘ವುಡ್’. ‘ಸೆಡ್ ಟು’ ಹೋಗಿ ‘ಟೋಲ್ಡ್’ ಬರುತ್ತದೆ. ಉದ್ಧರಣ ಚಿಹ್ನೆಗಳನ್ನು ಕಿತ್ತು ‘ದಟ್’ ಎಂಬ ಗೂಟ ಬಡಿದರೆ ಕೆಲಸ ಮುಗಿಯಿತು; ಡೈರೆಕ್ಟ್ ಸ್ಪೀಚ್ ಆಗಿದ್ದದ್ದು ರಿಪೋರ್ಟೆಡ್ ಸ್ಪೀಚ್ ಆಯಿತು, ಒಂದು ಅಂಕ ಕೈಗೆ ಬಂತು. ಈ ಕೋಷ್ಟಕವನ್ನು ಬಾಯಿಪಾಠ ಮಾಡಿದ ಹುಡುಗನಿಗೆ ಆ ಮಾತನ್ನು ಯಾರು ಆಡಿದರು, ಯಾರಿಗೆ ಆಡಿದರು, ಏಕೆ ಆಡಿದರು ಎಂಬುದು ಗೊತ್ತಿರಬೇಕಾಗಿಲ್ಲ. ಗೊತ್ತಿದ್ದರೆ ತೊಡಕೇ ಹೆಚ್ಚು.

ಈ ಕೋಷ್ಟಕವನ್ನು ಶಾಲೆಯಿಂದ ಹೊರಗೆ ಕಳುಹಿಸಬೇಕೆಂಬುದು ನನ್ನ ವಾದ. ಅದರಿಂದ ಇಂಗ್ಲಿಷ್ ಬರುವುದಿಲ್ಲ ಎಂಬುದು ಚಿಕ್ಕ ದೂರು. ಇನ್ನೊಬ್ಬರ ಮಾತನ್ನು ಹೊತ್ತು ತರುವುದು ಎಷ್ಟು ಜವಾಬ್ದಾರಿಯ ಕೆಲಸವೆಂಬ ಅರಿವು ನಮ್ಮ ಹಳ್ಳಿಯ ಮಕ್ಕಳಿಗೆ ಕನ್ನಡದಿಂದಲೇ ಬಂದಿರುತ್ತದೆ. ಆ ಅರಿವನ್ನು ಇದು ಕೆಡಿಸುತ್ತದೆ ಎಂಬುದು ದೊಡ್ಡ ದೂರು.

ಹೀಗೆ ಹೇಳಲು ನಾನು ಯಾರು ಎಂದು ಓದುಗರು ಕೇಳಬಹುದು. ನಾನು ಮೇಷ್ಟರಲ್ಲ. ಸಿರಿಗೆರೆಯ ಸುತ್ತಿನ ಹಳ್ಳಿಗಳ ಜನಕ್ಕೆ ಅರ್ಜಿ, ಮನವಿ, ಕರಾರುಪತ್ರಗಳನ್ನು ಬರೆದುಕೊಡುವವನು. ಎಂದರೆ ಡೈರೆಕ್ಟ್ ಸ್ಪೀಚನ್ನು ರಿಪೋರ್ಟೆಡ್ ಸ್ಪೀಚಿಗೆ ತಿರುಗಿಸುವುದೇ ನನ್ನ ಹೊಟ್ಟೆಪಾಡು. ಪರೀಕ್ಷೆಗಾಗಿ ಆ ಕೆಲಸ ಮಾಡುವವರಿಗಿಂತ ಅದಕ್ಕಾಗಿ ಕಾಸು ಪಡೆಯುವವನಿಗೆ ಮಾತಾಡುವ ಹಕ್ಕು ತುಸು ಹೆಚ್ಚೆಂದೇ ನನ್ನ ನಂಬಿಕೆ.

ಸಿರಿಗೆರೆಯಲ್ಲಿ ಸೋಮವಾರಗಳಂದು ತರಳಬಾಳು ಮಠದ ಸದ್ಧರ್ಮ ನ್ಯಾಯಪೀಠ ನಡೆಯುವುದು ಈ ಸೀಮೆಯವರಿಗೆ ತಿಳಿದದ್ದೇ. ಹೊಲದ ಬದು, ಸಾಲ, ಪಾಲು, ಗಂಡಹೆಂಡಿರ ಜಗಳ, ಎಲ್ಲವೂ ಅಲ್ಲಿಗೆ ಬರುತ್ತವೆ. ಬಂದವರು ಮಾತು ತೆಗೆಯುವುದೇ “ಬುದ್ಧೀ, ಅವನು ಹಂಗಂದ, ನಾನು ಹಿಂಗಂದೆ” ಎಂದು. ವ್ಯಾಜ್ಯಗಳಲ್ಲಿ ಮುಕ್ಕಾಲು ಪಾಲು ಹೊಲದ್ದಲ್ಲ, ಹೊಲದ ಬಗ್ಗೆ ಆಡಿದ ಮಾತಿನದು. ಅಣ್ಣ ತಮ್ಮಂದಿರಿಬ್ಬರು ಎರಡು ಎಕರೆಗಾಗಿ ಕಚ್ಚಾಡಿದ್ದಾರೆ ಎಂದಿಟ್ಟುಕೊಳ್ಳಿ. ಬೇಸತ್ತ ತಮ್ಮ, “ಆಗಲಿ ಬಿಡಣ್ಣ, ನೀನೇ ಉಂಡ್ಕಂಡು ಹೋಗು” ಎನ್ನುತ್ತಾನೆ. ಅಣ್ಣ ನನ್ನ ಹತ್ತಿರ ಬಂದು, “ತಮ್ಮ ಹೊಲ ಬಿಟ್ಟುಕೊಟ್ಟಿದ್ದಾನೆ ಅಂತ ಬರೀರಿ ಸ್ವಾಮಿ” ಎನ್ನುತ್ತಾನೆ. ನಾನು ಏನು ಬರೆಯಬೇಕು? ‘ಬಿಟ್ಟುಕೊಡಲು ಒಪ್ಪಿರುತ್ತಾನೆ’ ಎಂದೆ? ‘ನೀನೇ ಅನುಭವಿಸು ಎಂದು ನುಡಿದಿರುತ್ತಾನೆ’ ಎಂದೆ? ‘ನೊಂದು ನುಡಿದಿರುತ್ತಾನೆ’ ಎಂದೆ? ಒಂದೊಂದು ಕ್ರಿಯಾಪದಕ್ಕೂ ಎರಡೆರಡು ಎಕರೆಯ ಬೆಲೆಯುಂಟು. ಗೈಡಿನ ಪ್ರಕಾರವಾದರೆ ತಂಟೆಯೇ ಇಲ್ಲ: ತಮ್ಮನು ಅಣ್ಣನಿಗೆ ಅವನೇ ಉಂಡುಕೊಂಡು ಹೋಗಬೇಕೆಂದು ‘ಟೋಲ್ಡ್’. ಪೂರ್ಣಾಂಕ. ತಮ್ಮನ ಹೊಲ ಮಾತ್ರ ಹೋಯಿತು.

ಅದೇ ಅಣ್ಣ ಬದುವಿನ ಮೇಲೆ ನಿಂತು, “ಇದನ್ನ ಮುಟ್ಟಿ ನೋಡು, ಆಮೇಲೆ ಹೇಳ್ತೀನಿ” ಎಂದನೆನ್ನಿ. ಇದೂ ಗೈಡಿನ ಗಿರಣಿಗೆ ಬಿದ್ದರೆ ಹೊರಗೆ ಬರುವ ಹಿಟ್ಟೇನು? ‘ಬದುವನ್ನು ಮುಟ್ಟಿ ನೋಡುವಂತೆ ತಿಳಿಸಿದನು, ತಾನು ತರುವಾಯ ಹೇಳುವುದಾಗಿಯೂ ಹೇಳಿದನು.’ ಬೆದರಿಕೆ ಹೋಗಿ ಸೌಜನ್ಯ ಬಂತು! ಇನ್ನು ‘ಅಲಾಸ್’ ಎಂದಿದ್ದರೆ ‘ದುಃಖದಿಂದ ಉದ್ಗರಿಸಿದನು’, ‘ಹುರ್ರಾ’ ಎಂದಿದ್ದರೆ ‘ಹರ್ಷದಿಂದ ಉದ್ಗರಿಸಿದನು’, ‘ಸರ್’ ಎಂದಿದ್ದರೆ ‘ಗೌರವಪೂರ್ವಕವಾಗಿ’ ಎಂದು ಬರೆಯಬೇಕೆಂಬ ನಿಯಮವೂ ಈ ಪುಸ್ತಕಗಳಲ್ಲುಂಟು. ನಮ್ಮ ಕಡೆ ‘ಅಯ್ಯೋ’ ಎನ್ನುವುದು ದುಃಖಕ್ಕೂ ಸರಿ, ಕನಿಕರಕ್ಕೂ ಸರಿ, ಎದುರಿನವನ ಮಾತು ಬೇಸರವಾದಾಗ “ಅಯ್ಯೋ ಸುಮ್ನಿರಪ್ಪ” ಎನ್ನುವುದಕ್ಕೂ ಸರಿ. ಬಹಳ ಸಿಟ್ಟು ಬಂದಾಗಲೇ ‘ಸ್ವಾಮೀ’ ಎಂಬ ಸಂಬೋಧನೆ ಹೊರಡುವುದನ್ನು ಯಾವ ಬಸ್ಸಿನಲ್ಲಾದರೂ ಕೇಳಬಹುದು. ಗೌರವಪೂರ್ವಕವಾಗಿಯೆ?

ಈಗ ಕನ್ನಡದ ಕಡೆ ನೋಡೋಣ. ಇನ್ನೊಬ್ಬರ ಮಾತನ್ನು ಒಪ್ಪಿಸಲು ನಮ್ಮ ಭಾಷೆಯಲ್ಲಿ ನನ್ನ ಲೆಕ್ಕಕ್ಕೆ ನಾಲ್ಕು ದಾರಿಗಳಿವೆ, ಹತ್ತು ವರ್ಷದ ಮಗುವಿಗೆ ನಾಲ್ಕೂ ಬರುತ್ತವೆ. ‘ನಾನು ಬರ್ತೀನಿ ಅಂದ’ ಎಂದರೆ ಆಡಿದವನ ಬಾಯಿಯ ಮಾತನ್ನೇ ತಂದು ಮುಂದಿಟ್ಟೆ. ಆದರೆ ಇಲ್ಲೊಂದು ತೊಡಕು: ಆ ‘ನಾನು’ ಯಾರು? ಅವನೋ, ಈ ಮಾತು ಹೇಳುತ್ತಿರುವ ನಾನೋ? ಆ ಗೊಂದಲ ಬಾರದಿರಲೆಂದು ಕನ್ನಡಿಗ ‘ತಾನು ಬರ್ತೀನಿ ಅಂದ’ ಎನ್ನುತ್ತಾನೆ. ಇದನ್ನು ಸ್ವಲ್ಪ ನಿಂತು ನೋಡಬೇಕು. ‘ತಾನು’ ಎಂಬುದು ಅವನನ್ನು ಕುರಿತದ್ದು, ಪ್ರಥಮ ಪುರುಷ. ‘ಬರ್ತೀನಿ’ ಎಂಬುದು ಉತ್ತಮ ಪುರುಷ. ಕರ್ತೃಪದಕ್ಕೂ ಕ್ರಿಯಾಪದಕ್ಕೂ ಪುರುಷ ಹೊಂದಬೇಕೆಂದು ನಾವು ಶಾಲೆಯಲ್ಲಿ ಕಲಿತ ನಿಯಮ ಇಲ್ಲಿ ಮುರಿದುಬಿದ್ದಿದೆ; ಆದರೂ ಯಾರ ಕಿವಿಗೂ ತಪ್ಪೆನಿಸುವುದಿಲ್ಲ. ಅರ್ಧ ಅವನ ಬಾಯಿ, ಅರ್ಧ ನನ್ನ ಬಾಯಿ. ಇಂಗ್ಲಿಷಿನಲ್ಲಿ ಇದಕ್ಕೆ ಸರಿಯಾದ ಜೋಡಿಯೇ ಇಲ್ಲ. ಮೂರನೆಯದು ‘ಬರುವುದಾಗಿ ಹೇಳಿದ’. ಇಲ್ಲಿ ಅವನ ಬಾಯಿ ಪೂರ್ತಿ ಮುಚ್ಚಿತು, ಮಾತಿನ ಸಾರ ಮಾತ್ರ ನನ್ನ ಬಾಯಲ್ಲಿ ಉಳಿಯಿತು. ಪತ್ರಿಕೆಯವರಿಗೂ ನನ್ನಂಥ ಅರ್ಜಿದಾರರಿಗೂ ಇದು ಪ್ರಿಯ. ಕೊನೆಯದು ‘ಬರ್ತಾನಂತೆ’. ಯಾರು ಹೇಳಿದರೋ ಕೇಳಬೇಡಿ. ಸುಳ್ಳಾದರೆ ಜವಾಬ್ದಾರಿ ನನ್ನದಲ್ಲ. ಒಂದೇ ಒಂದು ಪ್ರತ್ಯಯ ಹಚ್ಚಿ ಹೊಣೆಯನ್ನು ಕೊಡವಿಕೊಳ್ಳುವ ಈ ಉಪಾಯದ ಮೇಲೆಯೇ ನಮ್ಮ ‘ಅಂತೆಕಂತೆಗಳ ಸಂತೆ’ ನಡೆಯುತ್ತಿರುವುದು.

ನ್ಯಾಯಸ್ಥಾನಗಳೂ ಈ ಭೇದವನ್ನು ಗಂಭೀರವಾಗಿಯೇ ತೆಗೆದುಕೊಂಡಿವೆ. 1872ರ ಸಾಕ್ಷ್ಯ ಕಾಯಿದೆ, ಕಂಡವನು ತಾನು ಕಂಡದ್ದನ್ನೂ ಕೇಳಿದವನು ತಾನು ಕೇಳಿದ್ದನ್ನೂ ತಾನೇ ಬಂದು ಹೇಳಬೇಕೆಂದು ವಿಧಿಸಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಆ ತತ್ತ್ವ ಉಳಿದಿದೆ. ಎಂದರೆ ‘ಅಂತೆ’ಗೆ ಅಲ್ಲಿ ಸಾಮಾನ್ಯವಾಗಿ ಬಾಗಿಲಿಲ್ಲ. ಅದೇ ಕೋರ್ಟುಗಳಲ್ಲಿ ಸಾಕ್ಷಿಯ ಹೇಳಿಕೆಯನ್ನು ಸಾಮಾನ್ಯವಾಗಿ ಪ್ರಶ್ನೋತ್ತರವಾಗಿ ಬರೆಯದೆ ನಿರೂಪಣೆಯ ರೂಪದಲ್ಲಿ ಬರೆದುಕೊಳ್ಳುತ್ತಾರೆ. ವಕೀಲರು ಕೇಳಿದ ಪ್ರಶ್ನೆ, ಸಾಕ್ಷಿ ಕೊಟ್ಟ ಉತ್ತರ ಎರಡೂ ಕೂಡಿ ‘ನಾನು ಅಂದು ಅಲ್ಲಿದ್ದೆನೆಂಬುದು ನಿಜ’ ಎಂಬ ಒಂದೇ ವಾಕ್ಯವಾಗುತ್ತದೆ. ಹೀಗೆ ಮಾತು ರೂಪ ಬದಲಾಯಿಸುವಾಗ ಏನು ಉಳಿಯುತ್ತದೆ, ಏನು ಸೋರಿಹೋಗುತ್ತದೆ ಎಂಬುದು ಜೈಲಿಗೂ ಬಿಡುಗಡೆಗೂ ಇರುವ ಅಂತರವಾಗಬಹುದು. ರಿಪೋರ್ಟೆಡ್ ಸ್ಪೀಚನ್ನು ಹಗುರವಾದ ಪಾಠವೆಂದು ನಾನು ಹೇಳುತ್ತಿಲ್ಲ. ಅಷ್ಟು ತೂಕದ ಪಾಠವನ್ನು ‘ನೌ’ ಹೋಗಿ ‘ದೆನ್’ ಬಂತೆಂಬ ಆಟ ಮಾಡಿದ್ದಾರಲ್ಲ, ಅದೇ ನನ್ನ ಸಂಕಟ.

ಈ ಆಟ ಎಲ್ಲಿಂದ ಬಂತು? ಇಂಗ್ಲೆಂಡಿನ ಹಳೆಯ ಶಾಲೆಗಳಲ್ಲಿ ಹುಡುಗರು ಲ್ಯಾಟಿನ್ ಕಲಿಯುತ್ತಿದ್ದರು. ಸೀಸರನು ಬರೆದ ಗಾಲ್ ಯುದ್ಧದ ಕಥನದಲ್ಲಿ ದಂಡನಾಯಕರ, ಪಾಳೆಯಗಾರರ ಭಾಷಣಗಳು ಬಹುಮಟ್ಟಿಗೆ ಪರೋಕ್ಷ ರೂಪದಲ್ಲಿಯೇ ಬರುತ್ತವೆ. ಲ್ಯಾಟಿನ್ನಿನಲ್ಲಿ ಆ ರೂಪಕ್ಕೆ ವಾಕ್ಯದ ಎಲುಬುಗಳೆಲ್ಲ ಬದಲಾಗುತ್ತವೆ. ಕರ್ತೃಪದ ದ್ವಿತೀಯಾ ವಿಭಕ್ತಿಗೆ ಹೋಗುತ್ತದೆ, ಕ್ರಿಯಾಪದ ಬೇರೆಯೇ ರೂಪ ತಾಳುತ್ತದೆ. ಆದ್ದರಿಂದ ಹುಡುಗರಿಗೆ ಅದನ್ನು ತಿರುಗಿಸಿ ಮುರುಗಿಸಿ ಅಭ್ಯಾಸ ಮಾಡಿಸುವುದರಲ್ಲಿ ಅರ್ಥವಿತ್ತು. ಅದೇ ಅಭ್ಯಾಸವನ್ನು ಅಷ್ಟು ವಿಭಕ್ತಿಗಳೇ ಇಲ್ಲದ ಇಂಗ್ಲಿಷಿಗೂ ಹೊಂದಿಸಿದರು. ಅಲ್ಲಿಂದ ಅದು ಹಡಗು ಹತ್ತಿ ಇಲ್ಲಿಗೆ ಬಂತು. ನಮ್ಮ ದೇಶದಲ್ಲಿ ಅದಕ್ಕೆ ಶಾಶ್ವತ ಪೀಠ ಕೊಟ್ಟದ್ದು 1930ರ ದಶಕದ ರೆನ್ ಮತ್ತು ಮಾರ್ಟಿನ್ನರ ವ್ಯಾಕರಣ. ಈ ರೆನ್ ಮಹಾಶಯ ಮುಂಬಯಿ ಪ್ರಾಂತದ ವಿದ್ಯಾ ಇಲಾಖೆಯಲ್ಲಿದ್ದವನು. ಫ್ರೆಂಚರ ವಿದೇಶೀ ಸೈನಿಕರ ಕಥೆಯಾದ ‘ಬೋ ಜೆಸ್ಟ್’ ಎಂಬ ಕಾದಂಬರಿ ಬರೆದು 1924ರಲ್ಲಿ ಹೆಸರು ಮಾಡಿದವನು. ಆ ಕಾದಂಬರಿಯ ವೀರರು ಮಾತಾಡುವುದೆಲ್ಲ ನೇರವಾಗಿಯೇ! ಅವರ ಮಾತನ್ನು ತನ್ನ ವ್ಯಾಕರಣದ ಕೋಷ್ಟಕಕ್ಕೆ ಹಾಕಿದ್ದರೆ ಅದನ್ನು ಯಾರು ಕೊಂಡು ಓದುತ್ತಿದ್ದರು?

ವ್ಯಾಕರಣವೆಂದರೆ ಈ ಮನುಷ್ಯನಿಗೆ ಅಲರ್ಜಿ ಎಂದು ತಿಳಿಯಬೇಡಿ. ಪಾಣಿನಿಯ ಸುಮಾರು ನಾಲ್ಕು ಸಾವಿರ ಸೂತ್ರಗಳನ್ನು ಗಣಕಯಂತ್ರಕ್ಕೆ ಅಳವಡಿಸಿದ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ಇದೇ ಸಿರಿಗೆರೆಯ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮಿಗಳದು. ಸೂತ್ರದ ಶಿಸ್ತು ಏನೆಂಬುದು ಈ ಮಣ್ಣಿಗೆ ಗೊತ್ತು. ಆದರೆ ಪಾಣಿನಿಯ ಭಾಷೆಯಲ್ಲೂ ಇನ್ನೊಬ್ಬರ ಮಾತನ್ನು ಒಪ್ಪಿಸುವ ರೀತಿ ನಮ್ಮದರಂತೆಯೇ: ಮಾತನ್ನು ಇದ್ದಂತೆ ಇಟ್ಟು ಕೊನೆಗೊಂದು ‘ಇತಿ’ ಹಾಕಿದರಾಯಿತು, ನಮ್ಮ ‘ಎಂದು’ವಿಗೆ ಅದು ಅಕ್ಕ. ಇಡೀ ಮಹಾಭಾರತ ಮಾತಿನೊಳಗೆ ಮಾತು, ಅದರೊಳಗೆ ಮತ್ತೊಂದು ಮಾತು. ಕೃಷ್ಣ ಅರ್ಜುನನಿಗೆ ಹೇಳಿದ್ದನ್ನು ಸಂಜಯ ಧೃತರಾಷ್ಟ್ರನಿಗೆ, ಅದನ್ನು ವೈಶಂಪಾಯನ ಜನಮೇಜಯನಿಗೆ, ಅದನ್ನು ಸೌತಿ ನೈಮಿಷಾರಣ್ಯದ ಋಷಿಗಳಿಗೆ ಹೇಳುತ್ತಾರೆ. ನಾಲ್ಕು ಬಾಯಿ ದಾಟಿ ಬಂದರೂ ಕೃಷ್ಣನ ಮಾತು ಕೃಷ್ಣನ ಬಾಯಲ್ಲೇ ಇದೆ. ಸಂಜಯ ಗೈಡು ಓದಿದ್ದರೆ ಗೀತೆಯೆಲ್ಲ ‘ಅವನು ಎದ್ದು ನಿಲ್ಲಬೇಕೆಂದೂ ಯುದ್ಧ ಮಾಡಬೇಕೆಂದೂ ಅವನಿಗೆ ಅವನು ತಿಳಿಸಿದನು’ ಎಂಬಷ್ಟಕ್ಕೆ ಮುಗಿಯುತ್ತಿತ್ತು. ನಮ್ಮ ಶರಣರು ತಮ್ಮ ಬರಹಕ್ಕೆ ಇಟ್ಟ ಹೆಸರೇ ‘ವಚನ’, ಎಂದರೆ ಮಾತು. ಹದಿನೈದನೆಯ ಶತಮಾನದಲ್ಲಿ ಆ ವಚನಗಳನ್ನೆಲ್ಲ ಕೂಡಿಸಿ ಶೂನ್ಯಸಂಪಾದನೆ ಕಟ್ಟಿದ ಶಿವಗಣಪ್ರಸಾದಿ ಮಹಾದೇವಯ್ಯ ಅಲ್ಲಮ, ಅಕ್ಕ, ಬಸವಣ್ಣರನ್ನು ಎದುರುಬದುರು ಕೂರಿಸಿ ಮಾತಾಡಿಸಿದನು. ನಡುವೆ ತಾನು ಹೇಳಬೇಕಾದ್ದನ್ನು ಪುಟ್ಟ ಗದ್ಯದಲ್ಲಿ ಹೇಳಿ ಪಕ್ಕಕ್ಕೆ ಸರಿದನು. ಒಪ್ಪಿಸುವವನಿಗೆ ಇರಬೇಕಾದ ಮರ್ಯಾದೆ ಅದು.

ಇಂಗ್ಲಿಷ್ ಉಪನ್ಯಾಸಕರಾದ ನನ್ನ ಮಿತ್ರರೊಬ್ಬರಿದ್ದಾರೆ. ಇದನ್ನೆಲ್ಲ ಕೇಳಿ ಅವರು ಹೇಳಿದ್ದಿಷ್ಟು: “ನೀವು ಹೇಳುವುದು ಚೆನ್ನಾಗಿದೆ ಸ್ವಾಮಿ, ಆದರೆ ಬೆಂಗಳೂರಿನ ಮಕ್ಕಳಿಗೆ ಇಂಗ್ಲಿಷ್ ಮನೆಯಲ್ಲೇ ಕಿವಿಗೆ ಬೀಳುತ್ತದೆ. ನಮ್ಮ ಭರಮಸಾಗರದ ಹುಡುಗನಿಗೆ ಏನಿದೆ? ನಿಯಮವೊಂದೇ ಅವನ ಊರುಗೋಲು. ಅದನ್ನೂ ಕಸಿದುಕೊಂಡರೆ ಬ್ಯಾಂಕ್ ಪರೀಕ್ಷೆ ಹೇಗೆ ಬರೆಯುತ್ತಾನೆ?” ಇದು ಸುಲಭವಾಗಿ ತಳ್ಳಿಹಾಕುವ ಮಾತಲ್ಲ. ಬಡವರ ಮಕ್ಕಳ ಅನ್ನದ ಪ್ರಶ್ನೆ ಇದರಲ್ಲಿದೆ. ಆದ್ದರಿಂದಲೇ ಆ ಊರುಗೋಲು ಗಟ್ಟಿಯಾಗಿದೆಯೇ ಎಂದು ಬಗ್ಗಿಸಿ ನೋಡಬೇಕಾಗಿದೆ.

ಸಿರಿಗೆರೆಯ ವಿದ್ಯಾರ್ಥಿನಿಲಯದಲ್ಲಿರುವ ಹುಡುಗನೊಬ್ಬನಿಗೆ ಬೆಳಿಗ್ಗೆ ಅಪ್ಪ ಫೋನು ಮಾಡಿ, “ನಾಳೆ ಅಲ್ಲಿಗೆ ಬರ್ತೀನಿ” ಎಂದಿದ್ದಾನೆ. ಹುಡುಗ ಅದೇ ಸಂಜೆ ವಾರ್ಡನ್ನರಿಗೆ ಇಂಗ್ಲಿಷಿನಲ್ಲಿ ತಿಳಿಸಬೇಕು. ಕೋಷ್ಟಕದ ಪ್ರಕಾರ, ‘ಮೈ ಫಾದರ್ ಸೆಡ್ ದಟ್ ಹೀ ವುಡ್ ಕಮ್ ದೇರ್ ದ ನೆಕ್ಸ್ಟ್ ಡೇ’. ಕೇಳಿದ ವಾರ್ಡನ್ನರು, ಎಲ್ಲಿಗೆ, ಯಾವತ್ತಿನ ಮಾರನೆಯ ದಿನ ಎಂದು ತಲೆ ಕೆರೆದುಕೊಳ್ಳಬೇಕು. ಇಂಗ್ಲಿಷರ ಮಗುವಾದರೆ ‘ಹೀ ಈಸ್ ಕಮಿಂಗ್ ಹಿಯರ್ ಟುಮಾರೊ’ ಎಂದೀತು. ನಾಳೆ ಇನ್ನೂ ನಾಳೆಯೇ ಆಗಿದೆ, ಹುಡುಗ ನಿಂತಿರುವ ಜಾಗ ‘ಇಲ್ಲಿ’ಯೇ ಆಗಿದೆ. ಅಪ್ಪನ ‘ಅಲ್ಲಿ’ ಮಗನ ‘ಇಲ್ಲಿ’ ಆಗುವುದು ನಿಂತ ನೆಲೆ ಬದಲಾದದ್ದರಿಂದ, ಕೋಷ್ಟಕ ಹೇಳಿದ್ದರಿಂದಲ್ಲ. ಇದು ನಮ್ಮ ಹುಡುಗನಿಗೆ ಕನ್ನಡದಲ್ಲಿ ಚೆನ್ನಾಗಿ ಗೊತ್ತು. ವಾರ ಕಳೆದ ಮೇಲೆ ಅದೇ ಸಂಗತಿ ಹೇಳುವಾಗ ಅವನು ತಾನಾಗಿಯೇ ‘ಮಾರನೇ ದಿನ ಬರ್ತೀನಿ ಅಂದಿದ್ದ’ ಎನ್ನುತ್ತಾನೆ. ಯಾರು ಕಲಿಸಿದರು?

ಕಾಲದ ವಿಷಯದಲ್ಲೂ ಹಾಗೆಯೇ. 2023ರ ಫೆಬ್ರವರಿ 1ರಂದು ಕೇಂದ್ರದ ಹಣಕಾಸು ಮಂತ್ರಿಗಳು ಬಜೆಟ್ ಭಾಷಣದಲ್ಲಿ, ಭದ್ರಾ ಮೇಲ್ದಂಡೆ ಯೋಜನೆಗೆ 5,300 ಕೋಟಿ ರೂಪಾಯಿ ನೆರವು ಕೊಡಲಾಗುವುದೆಂದು ಹೇಳಿದರು. ಚಿತ್ರದುರ್ಗದ ಬಯಲಿಗೆ ಇದಕ್ಕಿಂತ ಮುಖ್ಯವಾದ ‘ವಿಲ್’ ಇನ್ನೊಂದಿಲ್ಲ. 2024ರ ಫೆಬ್ರವರಿಯಲ್ಲಿ ರಾಜ್ಯದ ಮಂತ್ರಿಗಳು ದೆಹಲಿಯ ಜಂತರ್ ಮಂತರಿನಲ್ಲಿ ಕುಳಿತಾಗ ಹೇಳಿದ ದೂರುಗಳಲ್ಲಿ ಈ ಹಣ ಬಾರದ್ದೂ ಒಂದು. ಈಗ ಆ ಮಾತನ್ನು ಇಂಗ್ಲಿಷಿನಲ್ಲಿ ಒಪ್ಪಿಸುವವನು ‘ವಿಲ್ ಬಿ ಗಿವನ್’ ಎನ್ನಬೇಕೋ ‘ವುಡ್ ಬಿ ಗಿವನ್’ ಎನ್ನಬೇಕೋ? ಮೊದಲನೆಯದಾದರೆ ಮಾತು ಇನ್ನೂ ಜೀವಂತ, ನಾನೂ ಅದನ್ನು ನೆಚ್ಚಿದ್ದೇನೆ. ಎರಡನೆಯದಾದರೆ ಅವರು ಹೇಳಿದ್ದುಂಟು, ಮುಂದಿನದು ನಾನರಿಯೆ. ಎರಡೂ ಶುದ್ಧ ಇಂಗ್ಲಿಷ್. ಬರೆಯುವವನ ನಿಲುವು ಬೇರೆ, ಅಷ್ಟೆ. ನಮ್ಮ ರೈತ ಇದೇ ಭೇದವನ್ನು ‘ಕೊಡ್ತೀವಿ ಅಂದವ್ರೆ’ ಮತ್ತು ‘ಕೊಡ್ತೀವಿ ಅಂದಿದ್ರು’ ಎಂಬ ಎರಡು ಮಾತುಗಳಲ್ಲಿ ತೋರಿಸುತ್ತಾನೆ. ಗೈಡಿನಲ್ಲಿ ಮಾತ್ರ ಉತ್ತರ ಒಂದೇ: ‘ವಿಲ್’ ಇದ್ದಲ್ಲಿ ‘ವುಡ್’.

ಇನ್ನು ನಮ್ಮವರು ನಿಜವಾಗಿಯೂ ಎಡವುವ ಜಾಗಗಳು ಬೇರೆ. ‘ಹೀ ಟೋಲ್ಡ್ ದಟ್’ ಎಂಬ ಪ್ರಯೋಗವನ್ನು ಕರ್ನಾಟಕದಲ್ಲಿ ಜವಾನರಿಂದ ಹಿಡಿದು ಅಧಿಕಾರಿಗಳವರೆಗೆ ಎಲ್ಲರ ಬಾಯಲ್ಲೂ ಕೇಳುತ್ತೇವೆ. ಕನ್ನಡದ ‘ಹೇಳಿದ’ನಿಗೆ ಯಾರಿಗೆ ಎಂಬುದು ಬೇಕಿಲ್ಲ, ಇಂಗ್ಲಿಷಿನ ‘ಟೋಲ್ಡ್’ ಯಾರಿಗೆ ಎಂಬುದಿಲ್ಲದೆ ‘ದಟ್’ನ ಮುಂದೆ ನಿಲ್ಲುವುದಿಲ್ಲ. ಕೋಷ್ಟಕ ಈ ರೋಗಕ್ಕೆ ಮದ್ದಾಗುವುದು ಹಾಗಿರಲಿ, ‘ಸೆಡ್’ ಎಂಬುದು ಕೀಳು, ‘ಟೋಲ್ಡ್’ ಎಂಬುದು ಮೇಲು ಎಂಬ ಭ್ರಮೆ ಹುಟ್ಟಿಸಿ ಅದನ್ನು ಹರಡಿದೆ. ಹಾಗೆಯೇ ‘ಎಲ್ಲಿಗೆ ಹೋಗ್ತಿದೀಯ ಅಂತ ಕೇಳಿದ’ ಎಂಬುದನ್ನು ನಮ್ಮ ಹುಡುಗ ‘ಹೀ ಆಸ್ಕ್ಡ್ ಮಿ ವೇರ್ ಆರ್ ಯು ಗೋಯಿಂಗ್’ ಎನ್ನುತ್ತಾನೆ. ಅದರಲ್ಲಿ ಅವನ ದಡ್ಡತನವಿಲ್ಲ, ಅವನ ಕನ್ನಡವಿದೆ. ನಮ್ಮಲ್ಲಿ ಮಾತು ಮುರಿಯದೆ ‘ಅಂತ’ದ ಬೆನ್ನೇರಿ ಬರುತ್ತದೆ, ಅವರಲ್ಲಿ ಪ್ರಶ್ನೆ ಪ್ರಶ್ನೆಯ ಬಟ್ಟೆ ಕಳಚಿ ಸಾಧಾರಣ ವಾಕ್ಯವಾಗಿ ಒಳಗೆ ಬರಬೇಕು. ಇಷ್ಟನ್ನು ಎರಡು ಭಾಷೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಿದರೆ ಹದಿನೈದು ದಿನದ ಪಾಠ. ಆದರೆ ಇಂಗ್ಲಿಷ್ ತರಗತಿಯಲ್ಲಿ ಕನ್ನಡ ಉಸುರಿದರೆ ಮೈಲಿಗೆ ಎಂದು ನಂಬಿರುವವರು ಇನ್ನೂ ಇದ್ದಾರೆ. ಅವರಿಗೆ ಹುಡುಗನ ತಪ್ಪು ಕಾಣುತ್ತದೆ, ತಪ್ಪಿನ ಬೇರು ಕಾಣುವುದಿಲ್ಲ.

ಪ್ರಶ್ನೆಪತ್ರಿಕೆ ತೆಗೆಯುವ ಮಹನೀಯರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಹೆಸರೂರಿಲ್ಲದ ಒಂಟಿ ವಾಕ್ಯ ಕೊಟ್ಟು ‘ಪರಿವರ್ತಿಸಿ’ ಎನ್ನುವುದನ್ನು ನಿಲ್ಲಿಸಿ. ಅಣ್ಣತಮ್ಮಂದಿರ ನಾಲ್ಕು ಮಾತು ಕೊಡಿ, ಕನ್ನಡದಲ್ಲಿಯೇ ಕೊಡಿ. ಅದನ್ನು ಊರಿಗೆ ಹೊಸದಾಗಿ ಬಂದ, ಕನ್ನಡ ಬಾರದ ಅಧಿಕಾರಿಗೆ ಇಂಗ್ಲಿಷಿನಲ್ಲಿ ತಿಳಿಸಲು ಹೇಳಿ. ತಮ್ಮ ಹೊಲ ಬಿಟ್ಟುಕೊಟ್ಟನೋ, ನೊಂದು ಅಂದನೋ, ಹುಡುಗ ತೀರ್ಮಾನಿಸಲಿ. ತೀರ್ಮಾನಕ್ಕೆ ತಕ್ಕ ಕ್ರಿಯಾಪದ ಹುಡುಕಲಿ. ‘ಒಪ್ಪಿದ’, ‘ಗದರಿಸಿದ’, ‘ಹಂಗಿಸಿದ’, ‘ಮಾತು ಕೊಟ್ಟ’ ಎಂಬುದಕ್ಕೆಲ್ಲ ಇಂಗ್ಲಿಷಿನಲ್ಲಿ ಒಳ್ಳೆಯ ಮಾತುಗಳಿವೆ. ‘ವುಡ್’ ತಪ್ಪಿದರೆ ಅರ್ಧ ಅಂಕ ಕಳೆಯಿರಿ. ಆದರೆ ಬೆದರಿಕೆಯನ್ನು ಸೌಜನ್ಯವೆಂದು ಬರೆದವನಿಗೆ ಸೊನ್ನೆ ಹಾಕಿ.

ಇದಕ್ಕೂ ಮಿತ್ರರ ತಕರಾರು ಸಿದ್ಧವಾಗಿಯೇ ಇದೆ. ಎಸ್.ಎಸ್.ಎಲ್.ಸಿ.ಗೆ ವರ್ಷಕ್ಕೆ ಎಂಟು ಲಕ್ಷಕ್ಕೂ ಮಿಕ್ಕಿ ಮಕ್ಕಳು ಕೂರುತ್ತಾರೆ; ಇಂಥ ಉತ್ತರಗಳನ್ನು ಓದಿ ತೂಗುವವರು ಯಾರು? ಕೋಷ್ಟಕವಾದರೆ ಕಣ್ಣು ಹಾಯಿಸಿ ಗುರುತು ಹಾಕಬಹುದು ಎನ್ನುತ್ತಾರೆ. ಅದೇ ಮಕ್ಕಳು ಅದೇ ಪತ್ರಿಕೆಯಲ್ಲಿ ಬರೆಯುವ ಪತ್ರವನ್ನೂ ಪ್ರಬಂಧವನ್ನೂ ಈಗ ಯಾರು ಓದಿ ತೂಗುತ್ತಿದ್ದಾರೋ ಅವರೇ ಇದನ್ನೂ ಓದಲಿ. ನಾಲ್ಕು ಸಾಲು ಹೆಚ್ಚಾದೀತು.